ಅಕ್ಕನ ಸೀಮಂತಕ್ಕೆ ಏಳು ಪದರದ ಜೆಲ್ಲಿ: ಮೂರು ವಾರದ ನನ್ನ ಪಾಡು

ಅಕ್ಕನ ಸೀಮಂತ ಮುಗಿದು ಇವತ್ತಿಗೆ ನಾಲ್ಕು ದಿನ. ನೇರಳೆ ಹಣ್ಣಿನ ಕಲೆ ನನ್ನ ಉಗುರಿನ ಸಂದಿಯಿಂದ ಇನ್ನೂ ಹೋಗಿಲ್ಲ. ಮರೆಯುವ ಮುಂಚೆ ಎಲ್ಲವನ್ನೂ ಬರೆದಿಡೋಣ ಅಂತ ಕೂತಿದ್ದೇನೆ. ನಾನು ಶುರು ಮಾಡಿದಾಗ ನೋಡಿದ ವಿಡಿಯೋಗಳಲ್ಲೆಲ್ಲ ಒಂದು ಬಣ್ಣ ಸುರಿಯುತ್ತಾರೆ, ಕಟ್ ಆಗುತ್ತದೆ, ಮುಂದಿನ ಬಣ್ಣ ಸುರಿಯುತ್ತಾರೆ. ಆ ಕಟ್ ಆದ ಜಾಗದಲ್ಲೇ ನನ್ನ ಮೂರು ವಾರ ಹೋಯಿತು.

ಶುರುವಾಗಿದ್ದು ಬಯಕೆಯಿಂದ. ಅಕ್ಕನಿಗೆ ಆರು ತುಂಬಿ ಏಳಕ್ಕೆ ಬಿದ್ದಿತ್ತು. ಒಂದು ಸಂಜೆ ಜಗಲಿಯಲ್ಲಿ ಕಾಲು ಚಾಚಿ ಕೂತು, "ಲೋ, ನಂಗೆ ಬಣ್ಣ ಬಣ್ಣದ ಜೆಲ್ಲಿ ತಿನ್ಬೇಕು ಅನ್ಸ್ತಿದೆ ಕಣೋ. ಪದರ ಪದರವಾಗಿ ಇರುತ್ತಲ್ಲ, ಅದು" ಅಂದಳು. ಇವಳಿಗೆ ಚಿಕ್ಕಂದಿನಿಂದ ಪದರ ಕಂಡರೆ ಬಿಡಿಸಿ ತಿನ್ನುವ ಚಟ. ಕ್ರೀಮ್ ಬಿಸ್ಕತ್ತನ್ನು ಎರಡು ಹೋಳು ಮಾಡಿ ಕ್ರೀಮ್ ನೆಕ್ಕಿ, ಉಳಿದ ಒಣ ಹೋಳು ನನಗೆ ಕೊಡುತ್ತಿದ್ದಳು. ಚಿರೋಟಿಯನ್ನೂ ಹಾಗೇ ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಬಸುರಿ ಕೇಳಿದ್ದಕ್ಕೆ ಇಲ್ಲ ಅನ್ನಬಾರದು ಅಂತ ಅಮ್ಮ. "ಅಂಗಡಿಯಿಂದ ತಂದುಕೊಡು" ಅಂದರು. ನಾನೋ, ಉಮೇದಿನಲ್ಲಿ, "ಸೀಮಂತಕ್ಕೆ ನಾನೇ ಮಾಡ್ತೀನಿ, ಏಳನೇ ತಿಂಗಳಿಗೆ ಏಳು ಪದರ" ಅಂದುಬಿಟ್ಟೆ. ಬಂದವರಿಗೆಲ್ಲ ಒಂದೊಂದು ತುಂಡು. ಎಂಬತ್ತು ಜನ.

ಮೊದಲ ಎಡವಟ್ಟು ಆನ್‌ಲೈನ್‌ನಲ್ಲಿ. ಜೆಲ್ಲಿ ಪುಡಿ ಅಂತ ಹುಡುಕಿ, ಚೆಂದದ ಚಿತ್ರ ಇದ್ದ ಹೊರದೇಶದ ಪ್ಯಾಕೆಟ್ ಒಂದಕ್ಕೆ 640 ರೂಪಾಯಿ ಕೊಟ್ಟೆ. ಎರಡು ದಿನ ಅಂದವರು ಆರು ದಿನ ಕಾಯಿಸಿದರು. ಬಂದಮೇಲೆ ತಿರುಗಿಸಿ ನೋಡುತ್ತೇನೆ, ಮೂಲೆಯಲ್ಲಿ ಅಂಟಿಸಿದ ಚೀಟಿಯ ಮೇಲೆ ಕಂದು ಬಣ್ಣದ ತ್ರಿಕೋನ. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಜೆಲಾಟಿನ್. ಜೆಲಾಟಿನ್ ತಯಾರಾಗುವುದು ಪ್ರಾಣಿಗಳ ಮೂಳೆ, ಚರ್ಮದಿಂದ. ಭಾವನ ಮನೆಯವರು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ವಾಪಸ್ ಕಳಿಸೋಣ ಅಂದರೆ ತಿನ್ನುವ ಪದಾರ್ಥ ಹಿಂದಕ್ಕೆ ತಗೊಳ್ಳುವುದಿಲ್ಲ ಅಂದರು. ದುಡ್ಡು ಹೋಯಿತು, ಒಂದು ವಾರವೂ ಹೋಯಿತು. ನೀವು ಜೆಲ್ಲಿ ಪುಡಿ ಕೊಳ್ಳುವಾಗ ದಯವಿಟ್ಟು ಚಿತ್ರ ನೋಡಬೇಡಿ, ಗುರುತು ನೋಡಿ. ಹಸಿರು ಚೌಕದಲ್ಲಿ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ತ್ರಿಕೋನ ಇದ್ದರೆ ಅಲ್ಲ. ಹಳೆಯ ಪ್ಯಾಕೆಟ್‌ಗಳಲ್ಲಿ ತ್ರಿಕೋನದ ಬದಲು ಕಂದು ಚುಕ್ಕೆಯೇ ಇರುತ್ತಿತ್ತು. ಅದರಿಂದ ಗೊಂದಲ ಬೇಡ, ಬಣ್ಣ ಯಾವುದು ಅಂತ ನೋಡಿ ಸಾಕು.

ದಾರಿ ತೋರಿಸಿದ್ದು ಇಲ್ಲಿ ಮೈಸೂರಿನಲ್ಲಿ ನಮ್ಮ ಎದುರು ಮನೆ ಆಂಟಿ. ಪ್ರತಿ ರಂಜಾನ್‌ಗೆ ಅವರ ಮನೆಯಿಂದ ಇಫ್ತಾರ್ ಹೊತ್ತಿಗೆ ನಮಗೆ ಒಂದು ಬಟ್ಟಲು ಬರುತ್ತಿತ್ತು. ಬೆಳ್ಳಗೆ, ತಣ್ಣಗೆ, ಮೇಲೆ ಪಿಸ್ತಾ ಚೂರು. ನಾನದನ್ನು ಇಷ್ಟು ವರ್ಷ ಹಾಲಿನ ಪುಡಿಂಗ್ ಅಂದುಕೊಂಡೇ ತಿಂದಿದ್ದೆ. "ಅದು ಚೈನಾ ಗ್ರಾಸ್ ಅಲ್ವಾ ಮಗಾ, ಸಮುದ್ರದ ಪಾಚಿಯಿಂದ ಮಾಡಿದ್ದು. ಮಂಡಿ ಮೊಹಲ್ಲಾಗೆ ಹೋಗು, ಸಿಗುತ್ತೆ" ಅಂದರು. ಹೋದೆ. 10 ಗ್ರಾಂ ಕಟ್ಟು 55 ರೂಪಾಯಿ. ಬಿಳಿ ದಾರದ ಹಾಗೆ, ಗಾಳಿಯಷ್ಟು ಹಗುರ. ಅಮ್ಮ ಕೈಯಲ್ಲಿ ಹಿಡಿದು, "ಪ್ಲಾಸ್ಟಿಕ್ ಅಲ್ವೇನೋ ಇದು?" ಅಂದರು.

ಇದನ್ನೇ ಅಗರ್ ಅಗರ್ ಅನ್ನುವುದು. ಮಲಯ ಭಾಷೆಯ ಮಾತು. ಕೆಂಪು ಜಾತಿಯ ಕಡಲ ಪಾಚಿಯನ್ನು ಬೇಯಿಸಿ ತೆಗೆಯುತ್ತಾರೆ. ನಮ್ಮ ಪಕ್ಕದ ತಮಿಳುನಾಡಿನಲ್ಲೇ, ರಾಮನಾಥಪುರದ ಕಡಲಲ್ಲಿ ಹೆಂಗಸರು ಮುಳುಗಿ ಈ ಪಾಚಿ ಕೀಳುತ್ತಾರೆ. ಜೆಲಾಟಿನ್ನಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಶಾಖದ್ದು. ಜೆಲಾಟಿನ್ ನಮ್ಮ ಮೈ ಬಿಸಿಗೇ ಕರಗುತ್ತದೆ. ಅಗರ್ 40 ಡಿಗ್ರಿಗಿಂತ ಕೆಳಗೆ ಬಂದರೆ ಫ್ರಿಜ್ ಇಲ್ಲದೆಯೂ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ 85 ಡಿಗ್ರಿ ದಾಟುವ ತನಕ ಕರಗುವುದಿಲ್ಲ. 1881ರಲ್ಲಿ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಜೆಲಾಟಿನ್ ಬಳಸಿ, ಅದು ಬೇಸಿಗೆಯಲ್ಲಿ ನೀರಾಗಿ ಒದ್ದಾಡುತ್ತಿದ್ದರಂತೆ. ಅಲ್ಲಿ ಕೆಲಸಕ್ಕಿದ್ದ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ, ನಾನು ಮನೆಯಲ್ಲಿ ಜೆಲ್ಲಿಗೆ ಅಗರ್ ಹಾಕುತ್ತೇನಲ್ಲ, ಅದನ್ನೇ ಹಾಕಿ ನೋಡಿ ಅಂದರು. ಇವತ್ತಿಗೂ ಲ್ಯಾಬ್‌ಗಳಲ್ಲಿ ಅದೇ. ಇದನ್ನು ಅಮ್ಮನಿಗೆ ಹೇಳಿದರೆ, "ಅಡುಗೆಮನೆಯವರ ಮಾತು ಕೇಳಿದ್ರೆ ಹಾಗೇ ಕಣೋ" ಅಂದು ಒಗ್ಗರಣೆಗೆ ಸಾಸಿವೆ ಹಾಕಿದರು.

ಎಳೆಯ ರೂಪದ ಚೈನಾ ಗ್ರಾಸನ್ನು ಅರ್ಧ ಗಂಟೆ ನೆನೆಸಬೇಕು. ಆಮೇಲೆ ನೀರಿನಲ್ಲೇ ಎಂಟು ಹತ್ತು ನಿಮಿಷ ಕುದಿಸಬೇಕು. ನಾನು ಮೊದಲ ಸಲ ಸೀದಾ ಹಾಲಿಗೇ ಹಾಕಿದೆ. ಹಾಲು ಉಕ್ಕುತ್ತದೆ ಅಂತ ಉರಿ ತಗ್ಗಿಸಿದೆ. ಉರಿ ತಗ್ಗಿಸಿದ್ದಕ್ಕೆ ಎಳೆ ಕರಗಲಿಲ್ಲ. ಬಾಯಿಗಿಟ್ಟರೆ ಶಾವಿಗೆ ಪಾಯಸದಲ್ಲಿ ನೈಲಾನ್ ದಾರ ಸಿಕ್ಕ ಹಾಗೆ. ನೀರಲ್ಲಿ ಪೂರ್ತಿ ಕರಗಿದ ಮೇಲೆ ಸಕ್ಕರೆ, ಆಮೇಲೆ ಬೇರೆ ಒಲೆಯಲ್ಲಿ ಬಿಸಿ ಮಾಡಿಟ್ಟ ಹಾಲು, ಕೊನೆಗೆ ಜಾಲರಿಯಲ್ಲಿ ಸೋಸು. ಈ ಸಾಲು ತಪ್ಪಬಾರದು. ಎರಡನೇ ಸಲದಿಂದ ನಾನು ಪುಡಿಗೇ ಬಂದೆ. 50 ಗ್ರಾಂ ಡಬ್ಬಿ 240 ರೂಪಾಯಿ. ದುಬಾರಿ, ಆದರೆ ಬೇಗ ಕರಗುತ್ತದೆ, ತೂಕ ಮಾಡುವುದೂ ಸುಲಭ.

ಲೆಕ್ಕಕ್ಕೆ ಬರೋಣ, ಇದನ್ನು ಯಾರೂ ಸರಿಯಾಗಿ ಹೇಳಲಿಲ್ಲ. ನನ್ನ ಟ್ರೇ 30 ಸೆಂಟಿಮೀಟರ್ ಉದ್ದ, 20 ಅಗಲ. ಒಂದು ಪದರ ಅರ್ಧ ಸೆಂಟಿಮೀಟರ್ ದಪ್ಪ ಬೇಕೆಂದರೆ 300 ಮಿಲಿ ಬೇಕು. 300 ಮಿಲಿಗೆ 3 ಗ್ರಾಂ ಪುಡಿ ಹಾಕಿದರೆ ಬರ್ಫಿಯ ಹಾಗೆ ಕತ್ತರಿಸಬಹುದು. ಕಪ್ಪಿನಲ್ಲಿ ಚಮಚ ಹಾಕಿ ತಿನ್ನುವುದಾದರೆ ಎರಡು ಗ್ರಾಂ ಸಾಕು, ಮೆತ್ತಗಿರುತ್ತದೆ. ಏಳು ಪದರಕ್ಕೆ 21 ಗ್ರಾಂ, ಎತ್ತರ ಮೂರೂವರೆ ಸೆಂಟಿಮೀಟರ್. ಒಂದು ಟ್ರೇಯಲ್ಲಿ ಐವತ್ತು ತುಂಡು. ಎರಡು ಟ್ರೇ ಮಾಡಿದರೆ ನೂರು. ಎಂಬತ್ತು ಜನಕ್ಕೆ ನೂರು ಯಾಕೆ ಅಂತೀರಾ? ಮಕ್ಕಳು ಎರಡೆರಡು ತಗೊಳ್ಳುತ್ತವೆ. ಮೂಲೆಯ ತುಂಡುಗಳು ಒಡೆದುಹೋಗುತ್ತವೆ.

ಬಣ್ಣದ ವಿಷಯ ಬಂದಾಗ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ನಾನು ಪುಟ್ಟ ಬಾಟಲಿಗಳಲ್ಲಿ ಬರುವ ಫುಡ್ ಕಲರ್ ತಂದಿದ್ದೆ. ಅಪ್ಪ ಪೇಪರ್ ಓದುವ ಮನುಷ್ಯ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಅನ್ನುವ ಬಟ್ಟೆಯ ಬಣ್ಣ ಹಾಕಬಾರದು ಅಂತ ನಿಷೇಧಿಸಿದ್ದನ್ನು ಅವರು ಮರೆತಿಲ್ಲ. "ಬಸುರಿಗೆ ಬಣ್ಣದ ನೀರು ಕುಡಿಸ್ತೀಯೇನೋ?" ಅಂದರು. ಅನುಮತಿ ಇರುವ ಬಣ್ಣಗಳೂ ಇವೆ, ಕೇಜಿಗೆ 100 ಮಿಲಿಗ್ರಾಂ ಮಿತಿ ಅಂತಲೂ ಇದೆ ಅಂದೆ. ಅವರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು, ಅಷ್ಟೆ. ಬಾಟಲಿಗಳು ಶೆಲ್ಫಿನ ಹಿಂದಕ್ಕೆ ಹೋದವು.

ಸರಿ, ಹಣ್ಣು ತರಕಾರಿಯಿಂದಲೇ ಬಣ್ಣ. ಕೆಂಪಿಗೆ ಬೀಟ್ರೂಟ್, ಹಳದಿಗೆ ಮಾವು. ನೀಲಿಗೆ ಶಂಖಪುಷ್ಪ ನೋಡಿಟ್ಟಿದ್ದೆ. ಪಕ್ಕದ ಬೀದಿಯ ಬೇಲಿ ತುಂಬ ಇತ್ತು. ಬಿಸಿನೀರಿಗೆ ಹಾಕಿದರೆ ನೀಲಿ, ನಿಂಬೆ ಹಿಂಡಿದರೆ ನೇರಳೆ, ನೋಡೋಕೇ ಮಜಾ. ಅಕ್ಕನನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ಡಾಕ್ಟರನ್ನೇ ಕೇಳಿದೆ. "ಅಭ್ಯಾಸ ಇಲ್ಲದ ಗಿಡಮೂಲಿಕೆ ಈಗ ಯಾಕೆ? ಬೇಡ" ಅಂದರು. ಅಲ್ಲಿಗೆ ನೀಲಿ ಮುಗಿಯಿತು. ಅದೇ ದಿನ ಅಕ್ಕನ ಸಕ್ಕರೆ ಪರೀಕ್ಷೆಯ ರಿಪೋರ್ಟೂ ಬಂತು. ಗಡಿಯ ಹತ್ತಿರ ಇದೆ, ಸಿಹಿ ಕಮ್ಮಿ ಮಾಡಿ ಅಂದರು. ಅಕ್ಕ ದಾರಿಯುದ್ದಕ್ಕೂ ಮಾತೇ ಆಡಲಿಲ್ಲ. ಮನೆ ಹತ್ತಿರ ಬಂದಾಗ, "ಒಂದು ತುಂಡು ತಿನ್ಬಹುದಂತೆ. ಅಂದ್ರು ಅಲ್ವಾ?" ಅಂದಳು. ಅಂದಿದ್ದರು. ನಾನು ಎರಡು ಸಲ ಕೇಳಿಕೊಂಡು ಬಂದಿದ್ದೆ.

ಮನೆಗೆ ಬಂದು ಸಕ್ಕರೆ ಲೆಕ್ಕ ಹಾಕಿದೆ. ಪದರಕ್ಕೆ 25 ಗ್ರಾಂ. ಒಂದು ತುಂಡಿಗೆ ಮೂರೂವರೆ ಗ್ರಾಂ ಬೀಳುತ್ತದೆ, ಅಂದರೆ ಮುಕ್ಕಾಲು ಟೀ ಚಮಚ. ಹಣ್ಣಿನ ಸಿಹಿ ಬೇರೆ. ವಿಡಿಯೋದವರು ಇದಕ್ಕೆ ಎರಡು ಮೂರು ಪಟ್ಟು ಹಾಕುತ್ತಾರೆ. ಅಗರ್ ಗಟ್ಟಿಯಾಗಲು ಸಕ್ಕರೆ ಬೇಕೇ ಬೇಕು ಅಂತೇನಿಲ್ಲ, ಹಾಗಾಗಿ ಧೈರ್ಯವಾಗಿ ಕಡಿಮೆ ಮಾಡಿ.

ನೀಲಿಯ ಬದಲಿಗೆ ದೇವರಾಜ ಮಾರುಕಟ್ಟೆಯಲ್ಲಿ ನೇರಳೆ ಹಣ್ಣು ಸಿಕ್ಕಿತು. ಜೂನ್ ತಿಂಗಳು, ಆಗತಾನೆ ಬರತೊಡಗಿತ್ತು, ಕೇಜಿಗೆ 200 ರೂಪಾಯಿ. ಹಸಿರಿಗೆ ಏನು ಮಾಡುವುದು ಅಂತ ಎರಡು ದಿನ ತಲೆ ಕೆರೆದುಕೊಂಡೆ. ಸೀಮಂತ ಅಂದಮೇಲೆ ಹಸಿರು ಬಳೆ, ಹಸಿರು ಸೀರೆ, ಜೆಲ್ಲಿಯಲ್ಲಿ ಹಸಿರು ಇಲ್ಲದಿದ್ದರೆ ಹೇಗೆ? ಕೊನೆಗೆ ಪಾಲಕ್. ನಗಬೇಡಿ. ಎಲೆಯನ್ನು ಕುದಿವ ನೀರಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ತಣ್ಣೀರಿಗೆ ಹಾಕಿ, ರುಬ್ಬಿ ಸೋಸಿದರೆ ಗಿಳಿ ಹಸಿರು. ಹಾಲು, ಏಲಕ್ಕಿ ಜೊತೆ ಸೇರಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಅವಳು ಪಾಲಕ್ ಮುಟ್ಟುವುದಿಲ್ಲ.

ಈಗ ಮುಖ್ಯವಾದ ಗೋಳು. ಮೊದಲ ಪೂರ್ತಿ ಪ್ರಯೋಗದಲ್ಲಿ ಏಳಕ್ಕೆ ಏಳೂ ಪದರ ಚೆನ್ನಾಗಿ ಕೂತವು. ಪ್ರತಿ ಪದರವನ್ನೂ ಫ್ರಿಜ್‌ನಲ್ಲಿಟ್ಟು ಕಲ್ಲಾಗುವ ತನಕ ಕಾದು ಮುಂದಿನದನ್ನು ಸುರಿದಿದ್ದೆ. ಒಟ್ಟು ಆರು ಗಂಟೆ. ಹೆಮ್ಮೆಯಿಂದ ಅಕ್ಕನ ಮುಂದೆ ಚಾಕು ಹಾಕಿದೆ. ತುಂಡು ಎತ್ತಿದರೆ ಏಳೂ ಪದರ ಇಸ್ಪೀಟ್ ಎಲೆಗಳ ಹಾಗೆ ಒಂದೊಂದು ಒಂದೊಂದು ಕಡೆ ಜಾರಿದವು. ಕೆಂಪು ತಟ್ಟೆಯಲ್ಲಿ, ಹಳದಿ ಅಕ್ಕನ ಮಡಿಲಲ್ಲಿ, ಬಿಳಿ ನೆಲದ ಮೇಲೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬಿಡಿಸೋ ಕೆಲಸ ನೀನೇ ಮಾಡಿಬಿಟ್ಟೆಯಲ್ಲೋ" ಅಂದಳು. ಇನ್ನೊಂದು ಅವಮಾನ ಬಾಕಿ ಇತ್ತು. ಪದರಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅಪ್ಪ ಬಂದು ಫ್ರಿಜ್‌ನ ತಟ್ಟೆಯ ಮೇಲೆ ಒಂದು ಗೋಲಿ ಇಟ್ಟರು. ಅದು ಸೀದಾ ಉರುಳಿ ಹಿಂದಕ್ಕೆ ಹೋಯಿತು. ಹದಿನಾಲ್ಕು ವರ್ಷದಿಂದ ನಮ್ಮ ಫ್ರಿಜ್ ವಾಲಿಕೊಂಡೇ ಇದೆ, ಜೆಲ್ಲಿ ಮಾಡುವ ತನಕ ಯಾರಿಗೂ ತಿಳಿದಿರಲಿಲ್ಲ.

ಪದರ ಯಾಕೆ ಅಂಟಲಿಲ್ಲ ಅಂತ ಆಂಟಿಯನ್ನು ಕೇಳಿದೆ. ಅವರು ಮಾಡುವುದು ಒಂದೇ ಪದರ, ಅವರಿಗೂ ಗೊತ್ತಿರಲಿಲ್ಲ. ಉತ್ತರ ಹೇಳಿದ್ದು ಅಮ್ಮ. ಅಲ್ಲಿಯವರೆಗೆ ಅಮ್ಮ ನನ್ನ ಜೆಲ್ಲಿಯನ್ನು "ಆ ನಡುಗೋ ತಿಂಡಿ" ಅಂತಲೇ ಕರೆಯುತ್ತಿದ್ದರು. ಅವತ್ತು ಸಂಜೆ ಒಂದು ಬಟ್ಟಲಲ್ಲಿ ಬಿಳಿ ಪದರ ಆರಲು ಇಟ್ಟಿದ್ದೆ. ಅಮ್ಮ ಹಾದುಹೋಗುವಾಗ ಬೆರಳ ತುದಿ ತಾಗಿಸಿ ನೋಡಿದರು. ಮೈಸೂರು ಪಾಕಿಗೆ ಪಾಕ ನೋಡುವಾಗಲೂ ಅವರದು ಅದೇ ಬೆರಳು. "ಈಗ ಸುರಿ" ಅಂದರು. ಇನ್ನೂ ನಡುಗ್ತಿದೆಯಲ್ಲಮ್ಮ ಅಂದೆ. "ನಡುಗಲಿ. ಬೆರಳಿಗೆ ಅಂಟಬೇಕು, ಬೆರಳು ಇಳೀಬಾರದು. ಒಣಗಿದ ಮೇಲೆ ಯಾವುದು ಅಂಟುತ್ತೆ? ಸಗಣಿ ಸಾರಿಸಿದ ನೆಲ ನೋಡಿಲ್ವಾ, ಹಸಿ ಇದ್ದಾಗಲೇ ಇನ್ನೊಂದು ಕೈ ಎಳೀಬೇಕು." ಸುರಿದೆ. ಅರ್ಧ ಗಂಟೆ ಬಿಟ್ಟು ಕತ್ತರಿಸಿದರೆ ಎರಡು ಪದರ ಒಂದಾಗಿ ಬಂದವು. ನನ್ನ ಆರು ಗಂಟೆಯ ಕಾಯುವಿಕೆಯೇ ತಪ್ಪಾಗಿತ್ತು.

ಹದ ಎರಡು ಕಡೆ ಇರಬೇಕು. ಕೆಳಗಿನ ಪದರ ಆಗತಾನೆ ಹೆಪ್ಪುಗಟ್ಟಿರಬೇಕು, ಮೇಲಿನದು ಬಿಸಿಯಾಗಿರಬೇಕು. ಕುದಿಯುತ್ತಿದ್ದರೆ ಕೆಳಗಿನದು ಕರಗಿ ಬಣ್ಣ ಕಲಸಿಹೋಗುತ್ತದೆ, ಉಗುರುಬೆಚ್ಚಗಾದರೆ ಅಂಟುವುದಿಲ್ಲ. ನನಗೆ ಸರಿ ಬಂದಿದ್ದು 60ರಿಂದ 65 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ, ಪಾತ್ರೆಯ ಹೊರಗೆ ಕೈ ಇಟ್ಟು ಒಂದು ಎರಡು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕು ಅನ್ನಿಸಿದರೆ ಸರಿ. ಸೌಟಿನ ಬೆನ್ನ ಮೇಲೆ ಬಿಡಿ, ಸೀದಾ ಸುರಿದರೆ ಗುಂಡಿ ಬೀಳುತ್ತದೆ. ಅರ್ಧ ಸೆಂಟಿಮೀಟರ್ ಪದರ ಮೈಸೂರಿನ ಜೂನ್ ಹವೆಯಲ್ಲಿ ಹೊರಗಡೆಯೇ ಹತ್ತು ಹನ್ನೆರಡು ನಿಮಿಷಕ್ಕೆ ಈ ಹದಕ್ಕೆ ಬಂತು. ಫೋನ್ ಬಂತು ಅಂತ ಎದ್ದುಹೋಗಿ ಹದ ಮೀರಿತೋ, ಮುಳ್ಳು ಚಮಚದಿಂದ ಮೇಲೆ ಮೆಲ್ಲಗೆ ಗೀರು ಎಳೆದು ಸ್ವಲ್ಪ ಜಾಸ್ತಿ ಬಿಸಿ ಇರುವುದನ್ನು ಸುರಿಯಿರಿ. ಪೂರ್ತಿ ಅಲ್ಲದಿದ್ದರೂ ತಕ್ಕಮಟ್ಟಿಗೆ ಹಿಡಿಯುತ್ತದೆ.

ಕಾಯುತ್ತಿರುವ ಉಳಿದ ಬಣ್ಣಗಳು ಪಾತ್ರೆಯಲ್ಲೇ ಗಟ್ಟಿಯಾಗುತ್ತವಲ್ಲ, ಅದಕ್ಕೆ ಒಂದು ದೊಡ್ಡ ಬೋಗುಣಿಯಲ್ಲಿ ಬಿಸಿನೀರು ತುಂಬಿ ಪಾತ್ರೆಗಳನ್ನು ಅದರಲ್ಲಿ ಕೂರಿಸಿದೆ. ಆದರೂ ಗಟ್ಟಿಯಾದರೆ ಅಳಬೇಡಿ, ಮತ್ತೆ ಕಾಯಿಸಿ ಕರಗಿಸಬಹುದು. ಹಣ್ಣಿನ ರಸ ಹಾಕಿದ್ದನ್ನು ಮಾತ್ರ ಮತ್ತೆ ಕುದಿಸಬೇಡಿ. ಹುಳಿ ಜೊತೆ ಕುದಿಸಿದರೆ ಅಗರ್‌ನ ಬಲ ಹೋಗುತ್ತದೆ. ನೇರಳೆ ರಸವನ್ನು ನಾನು ಒಂದು ಸಲ ಅಗರ್ ಜೊತೆಗೇ ಕುದಿಸಿ, ಎರಡು ಗಂಟೆ ಕಾದರೂ ಗಂಜಿಯಂತೆ ಇತ್ತು. ಹಣ್ಣಿನ ಪದರಕ್ಕೆ ಅರ್ಧ ಪಾಲು ನೀರಲ್ಲಿ ಅಗರ್ ಕರಗಿಸಿ, ಉರಿ ಆರಿಸಿ, ಆಮೇಲೆ ಅರ್ಧ ಪಾಲು ರಸ ಸೇರಿಸಬೇಕು. ಆ ರಸ ಫ್ರಿಜ್‌ನಿಂದ ತೆಗೆದಿದ್ದಾಗಿರಬಾರದು. ತಣ್ಣಗಿದ್ದ ಮಾವಿನ ರಸ ಹಾಕಿದ ಕ್ಷಣವೇ ಅಗರ್ ಅಲ್ಲಲ್ಲೇ ಹೆಪ್ಪುಗಟ್ಟಿ, ಉಪ್ಪಿಟ್ಟಿನ ಹಾಗೆ ಗಂಟು ಗಂಟಾಯಿತು. ಬಾದಾಮಿ ಮಾವು ಒಂದು ಕೇಜಿ ದಂಡ. ದಂಡ ಅಂದೆ, ಅಪ್ಪ ಚಮಚ ಹಾಕಿ ತಿಂದು ಮುಗಿಸಿದರು.

ತೆಂಗಿನ ಹಾಲಿನದು ಬೇರೆಯೇ ಕಥೆ. ಸುರಿದ ಮೇಲೆ ಜಿಡ್ಡು ಮೇಲಕ್ಕೆ ಬಂದು, ಕೆಳಗೆ ನೀರು ನೀರು, ಮೇಲೆ ಬಿಳಿ, ಒಂದು ಪದರ ಎರಡಾಯಿತು. ಬರ್ಮಾದವರು ತಮ್ಮ ತೆಂಗಿನ ಹಾಲಿನ ಜೆಲ್ಲಿಯಲ್ಲಿ ಬೇಕಂತಲೇ ಹೀಗಾಗಲು ಬಿಡುತ್ತಾರೆ. ನನಗೆ ಲೆಕ್ಕಕ್ಕೆ ಎಂಟು ಪದರ ಆಗುತ್ತಿತ್ತು. ಕೈ ಬಿಡದೆ ತಿರುವುತ್ತಾ ಆರಿಸಿ, ಸ್ವಲ್ಪ ಮಂದವಾಗುತ್ತಿದೆ ಅನ್ನುವಾಗ ಸುರಿದರೆ ಒಡೆಯುವುದಿಲ್ಲ. ಆದರೆ ಅಷ್ಟು ಆರಿದರೆ ಕೆಳಗಿನ ಪದರಕ್ಕೆ ಅಂಟುವುದು ಕಷ್ಟ. ಹಾಗಾಗಿ ಅದರ ಕೆಳಗಿನ ಬೀಟ್ರೂಟ್ ಪದರವನ್ನು ತೀರಾ ಹಸಿ ಇರುವಾಗಲೇ ಹಿಡಿಯಬೇಕು. ನಾಲ್ಕು ಸಲದಲ್ಲಿ ಒಂದು ಸಲ ತಪ್ಪಿತು. ಕಷ್ಟ ಬೇಡ ಅನ್ನುವವರು ತೆಂಗಿನ ಹಾಲು ಬಿಟ್ಟು ಬರೀ ಹಸುವಿನ ಹಾಲೇ ಮಾಡಿ.

ಇಷ್ಟರಲ್ಲಿ ಭಾವ ಬಂದರು. ಸಹಾಯ ಮಾಡುವ ಉತ್ಸಾಹ. ನಾನು ಸ್ನಾನಕ್ಕೆ ಹೋದಾಗ, ಬೇಗ ಆಗಲಿ ಅಂತ ಟ್ರೇಯನ್ನು ಫ್ರೀಜರ್‌ಗೆ ಇಟ್ಟು ಮರೆತರು. ಬೆಳಿಗ್ಗೆ ಹೊರಗೆ ತೆಗೆದರೆ ಮಂಜು ಕರಗಿ ನೀರೆಲ್ಲ ಬಸಿದು, ಬಣ್ಣದ ಸ್ಪಂಜು ಉಳಿದಿತ್ತು. ಜಪಾನಿನಲ್ಲಿ ಹದಿನೇಳನೇ ಶತಮಾನದಲ್ಲಿ ಮಿನೋಯಾ ತರೋಜಾಯೆಮೋನ್ ಎಂಬ ಛತ್ರದವನು ಉಳಿದ ಪಾಚಿ ಗಂಜಿಯನ್ನು ಚಳಿಗಾಲದಲ್ಲಿ ಹೊರಗೆ ಎಸೆದು, ಅದು ಹೆಪ್ಪುಗಟ್ಟಿ ಒಣಗಿ, ಮತ್ತೆ ಕುದಿಸಿದರೆ ಜೆಲ್ಲಿಯಾಗುತ್ತದೆ ಅಂತ ಕಂಡುಕೊಂಡನಂತೆ. ಅಗರ್ ಒಣಗಿಸುವ ವಿದ್ಯೆ ಹುಟ್ಟಿದ್ದೇ ಹಾಗೆ ಅನ್ನುವ ಕಥೆಯಿದೆ. ಅವನಿಗೆ ಲಾಭವಾಯಿತು, ನನಗೆ ಎರಡು ಲೀಟರ್ ನಷ್ಟ. ಭಾವನಿಗೆ ಏನೂ ಅನ್ನಲಾಗದೆ "ಪರವಾಗಿಲ್ಲ ಬಿಡಿ ಭಾವ" ಅಂದೆ.

ನಾನು ಸ್ವಲ್ಪವೂ ಎಣಿಸಿರದ ತೊಡಕು ಛತ್ರದ್ದು. ಬುಕ್ ಮಾಡುವಾಗ ಅಪ್ಪ ಸಹಿ ಹಾಕಿದ ಕಾಗದದ ಹಿಂಬದಿಯಲ್ಲಿ, ಹೊರಗಿನ ಆಹಾರ ತರುವಂತಿಲ್ಲ ಅಂತ ಒಂದು ಸಾಲು ಇತ್ತು. ಮೂರು ದಿನ ಮುಂಚೆ ಗೊತ್ತಾಯಿತು. ಮ್ಯಾನೇಜರ್ ಅಡುಗೆಯವರನ್ನು ಕೇಳಿ ಅಂದರು, ಅಡುಗೆಯವರು ಮ್ಯಾನೇಜರನ್ನು ಕೇಳಿ ಅಂದರು. ಎರಡು ಸಲ ಓಡಾಡಿದ ಮೇಲೆ ಅಡುಗೆಯವರೇ ಬಿಡಿಸಿ ಹೇಳಿದರು: "ನಾಳೆ ಯಾರಿಗಾದ್ರೂ ಹೊಟ್ಟೆ ಕೆಟ್ರೆ ಹೆಸರು ನಂದು ಬರುತ್ತೆ ಸಾರ್." ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಒಂದು ಬಿಳಿ ಹಾಳೆಯಲ್ಲಿ ಏನೇನು ಹಾಕಿದ್ದೇನೆ, ಯಾವಾಗ ಮಾಡಿದ್ದು, ಜವಾಬ್ದಾರಿ ನಮ್ಮದೇ ಅಂತ ಬರೆದು ಅಪ್ಪನ ಸಹಿ ಹಾಕಿಸಿ ಎರಡು ಪ್ರತಿ ಕೊಟ್ಟೆ. ಮ್ಯಾನೇಜರ್ 2,000 ರೂಪಾಯಿ ಠೇವಣಿ ಇಟ್ಟುಕೊಂಡು ಆಮೇಲೆ ವಾಪಸ್ ಕೊಟ್ಟರು. ನೀವು ಹೊರಗೆ ಸಮಾರಂಭ ಮಾಡುವುದಾದರೆ ಮೊದಲು ಆ ಕಾಗದದ ಹಿಂಬದಿ ಓದಿ. ಜೆಲ್ಲಿ ಕಲಿಯುವುದು ಆಮೇಲೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಶುರು ಮಾಡಿದೆ. ಶುಕ್ರವಾರವೇ ಮಾಡಿಡಬಹುದಿತ್ತಲ್ಲ ಅಂದರೆ, ಬೇಡ. ಒಂದು ರಾತ್ರಿ ದಾಟಿ ಎರಡನೇ ದಿನಕ್ಕೆ ಬೀಟ್ರೂಟ್ ಬಣ್ಣ ಪಕ್ಕದ ಬಿಳಿಗೆ ಹರಡಿ ಗುಲಾಬಿಯಾಗುತ್ತದೆ, ಪ್ರಯೋಗದಲ್ಲೇ ನೋಡಿದ್ದೆ. ಫ್ರಿಜ್ ಬೆಳಿಗ್ಗೆಯೇ ಖಾಲಿ ಮಾಡಿ ಒರೆಸಿದ್ದೆ. ಈರುಳ್ಳಿ, ಉಪ್ಪಿನಕಾಯಿ ಎಲ್ಲ ಆಂಟಿಯ ಮನೆಗೆ ಹೋಯಿತು, ಹಾಲಿನ ಪದರ ವಾಸನೆ ಎಳೆದುಕೊಳ್ಳುತ್ತದೆ. ಟ್ರೇ ಇಟ್ಟಿದ್ದು ಹಜಾರದ ನೆಲದ ಮೇಲೆ, ಅಪ್ಪ ಗೋಲಿ ಬಿಟ್ಟು ಸಮ ಇದೆ ಅಂತ ಪರೀಕ್ಷಿಸಿದ ಜಾಗದಲ್ಲಿ. ಕೆಳಗಿನಿಂದ ಮೇಲಕ್ಕೆ ನೇರಳೆ, ಹಾಲು, ಬೀಟ್ರೂಟ್, ತೆಂಗಿನ ಹಾಲು, ಪಾಲಕ್, ಹಾಲು, ಮಾವು. ನಾನು ಕಲಸುವವನು, ಅಮ್ಮ ಬೆರಳು ಹಾಕಿ ಹದ ಹೇಳುವವರು, ಅಪ್ಪ ಗಡಿಯಾರ. ಅಕ್ಕನಿಗೆ ಒಳಗೆ ಬರಬಾರದು ಅಂತ ಕಟ್ಟಪ್ಪಣೆ. ಬಾಗಿಲ ಸಂದಿಯಿಂದ "ಎಷ್ಟನೇದು?" ಅಂತ ಕೇಳುತ್ತಲೇ ಇದ್ದಳು. ಐದನೇ ಪದರಕ್ಕೆ ಮಳೆ ಬಂತು, ಕರೆಂಟ್ ಹೋಯಿತು. ಅಗರ್ ಅಲ್ಲವಾ, ಅದರ ಪಾಡಿಗೆ ಅದು ಹೆಪ್ಪುಗಟ್ಟಿತು. ಮೇಣದ ಬತ್ತಿ ಬೆಳಕಲ್ಲಿ ಹಸಿರು ಯಾವುದು ನೇರಳೆ ಯಾವುದು ತಿಳಿಯದೆ ಫೋನಿನ ಟಾರ್ಚ್ ಹಿಡಿದೆವು. ಕರೆಂಟ್ ಬಂದಾಗ ಏಳೂವರೆ. ಎರಡು ಟ್ರೇಗೂ ಬೆಣ್ಣೆ ಕಾಗದ ಮುಚ್ಚಿ ಫ್ರಿಜ್‌ಗೆ ಇಟ್ಟೆವು. ಹಾಲು ಇರುವುದರಿಂದ ರಾತ್ರಿ ಹೊರಗೆ ಬಿಡುವ ಹಾಗಿಲ್ಲ.

ನಾನು ಒಂದೂವರೆಗೆ ಎದ್ದು ಒಂದು ಸಲ, ನಾಲ್ಕಕ್ಕೆ ಎದ್ದು ಇನ್ನೊಂದು ಸಲ ನೋಡಿದೆ. ಏನನ್ನು ನೋಡುತ್ತಿದ್ದೆನೋ ಗೊತ್ತಿಲ್ಲ.

ಬೆಳಿಗ್ಗೆ ಮೇಲೆ ಸಣ್ಣಗೆ ನೀರು ಬಿಟ್ಟಿತ್ತು. ಅಗರ್ ಹಾಗೆ ಬೆವರುತ್ತದೆ, ಹೆದರಬೇಡಿ, ಒಗೆದ ಬಟ್ಟೆಯಿಂದ ಒತ್ತಿ ತೆಗೆದರಾಯಿತು. ತೆಳು ಚಾಕುವನ್ನು ಬಿಸಿನೀರಲ್ಲಿ ಅದ್ದಿ ಒರೆಸಿ, ಒತ್ತಿ ಇಳಿಸಬೇಕು, ಗರಗಸದ ಹಾಗೆ ಎಳೆಯಬಾರದು. ಟ್ರೇಗಳನ್ನು ಥರ್ಮಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಮೇಲೆ ಕೂರಿಸಿ, ಆಟೋದಲ್ಲಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಪ್ರತಿ ಹಂಪ್‌ಗೂ ಡ್ರೈವರ್‌ಗೆ "ಅಣ್ಣಾ, ನಿಧಾನ" ಅಂದೆ. ಕೊನೆಗೆ ಅವರು, "ಒಳಗೆ ಮಗು ಇದೆಯಾ ಸಾರ್?" ಅಂದರು. ಕತ್ತರಿಸಿದ್ದು ಛತ್ರದಲ್ಲೇ. ಮನೆಯಲ್ಲಿ ಕತ್ತರಿಸಿ ಒಯ್ದಿದ್ದರೆ ಅರ್ಧ ಒಡೆದಿರುತ್ತಿತ್ತು.

ಖರ್ಚು ಕೇಳುತ್ತೀರಿ. ಎರಡು ಟ್ರೇಗೆ ಸಾಮಾನು ಮಾತ್ರ ಸುಮಾರು 900 ರೂಪಾಯಿ, ತುಂಡಿಗೆ ಒಂಬತ್ತು. ಆದರೆ ಟ್ರೇ, ಪ್ರಯೋಗದಲ್ಲಿ ಹಾಳಾದ ಹಣ್ಣು, ಆ ಕಂದು ತ್ರಿಕೋನದ ಪ್ಯಾಕೆಟ್, ಓಡಾಟ ಎಲ್ಲ ಸೇರಿ 3,500 ದಾಟಿತು. ಅಂಗಡಿಯಲ್ಲಿ ಹೇಳಿ ಮಾಡಿಸಿದ್ದರೂ ಇಷ್ಟೇ ಆಗುತ್ತಿತ್ತೇನೋ. ಅಮ್ಮನಿಗೆ ಮಾತ್ರ ಹೇಳಬೇಡಿ.

ಎಲೆಯ ತುದಿಯಲ್ಲಿ ಬಡಿಸಬೇಡಿ ಅಂತ ಅಡುಗೆಯವರು ಹೇಳಿದ್ದು ಒಳ್ಳೆಯದಾಯಿತು. ಬಿಸಿ ಸಾರು ಹರಿದು ಬಂದರೆ ಕಷ್ಟ. ಊಟ ಆದಮೇಲೆ ದೊನ್ನೆಯಲ್ಲಿ ಕೊಟ್ಟೆವು. ಭಾವನ ಅಜ್ಜಿ ಒಂದು ಸಲ ಅಲ್ಲಾಡಿಸಿ ನೋಡಿ, "ಇದೇನಪ್ಪಾ, ಮುಟ್ಟಿದ್ರೆ ನಾಚಿಕೊಳ್ಳುತ್ತೆ" ಅಂದು ಎರಡನೆಯದನ್ನೂ ಕೇಳಿ ತಗೊಂಡರು. ಅಡುಗೆಯವರು ಒಂದು ತಿಂದು, ಹಸಿರು ಯಾವುದರಿಂದ ಅಂತ ಕೇಳಿದರು. ಅಕ್ಕ ಪಕ್ಕದಲ್ಲೇ ಇದ್ದಳು, ಏಲಕ್ಕಿ ಅಂದೆ.

ಅಕ್ಕ ಹಸಿರು ಸೀರೆಯಲ್ಲಿ, ಮೊಣಕೈ ತನಕ ಬಳೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಅವಳ ಪಾಲಿನ ಒಂದು ತುಂಡನ್ನು ನಾನೇ ಆರಿಸಿ, ಒಳ್ಳೆಯ ನಡುವಿನದನ್ನು ಕೊಟ್ಟೆ. ತಿನ್ನಲಿಲ್ಲ. ಬೆಳಕಿಗೆ ಹಿಡಿದು ಎಣಿಸಿದಳು. ಆಮೇಲೆ ಹಳೇ ಚಟ, ಹೆಬ್ಬೆರಳಿನ ಉಗುರನ್ನು ಹಳದಿಗೂ ಬಿಳಿಗೂ ನಡುವೆ ತೂರಿಸಿ ಎತ್ತಲು ನೋಡಿದಳು. ಬರಲಿಲ್ಲ. ತಿರುಗಿಸಿ ಕೆಳಗಿನಿಂದ ನೋಡಿದಳು. ಅದೂ ಇಲ್ಲ. ಬಳೆಗಳು ಸದ್ದು ಮಾಡಿದವು.

"ಏನೋ ಇದು, ಬಿಡಿಸೋಕೇ ಆಗ್ತಿಲ್ವಲ್ಲೋ" ಅಂತ ಮುಖ ಊದಿಸಿಕೊಂಡಳು. ಅಮ್ಮ ದೂರದಿಂದ ನನ್ನನ್ನು ನೋಡಿ, ತೋರುಬೆರಳು ಎತ್ತಿ ತೋರಿಸಿದರು.